ಮುಧೋಳದ ಹೊರದಾರಿ

ಪ್ರಭುಲಿಂಗ ಹೂವಿನ ಹಾರದ ಕೆಳಗೆ ಕೈ ತೂರಿಸಿ ಗೂಳಪ್ಪನ ಬಲಗೈ ಹೆಬ್ಬೆರಳನ್ನು ಹಿಡಿದ. ಬೆರಳು ತಣ್ಣಗಿತ್ತು. ಮೈಗೆ ಬಳಿದ ವಿಭೂತಿ ಅದಕ್ಕೂ ಮೆತ್ತಿತ್ತು. ಕರವಸ್ತ್ರದ ತುದಿಯಿಂದ ಒರೆಸಿ, ಇನ್ನೊಂದು ಕೈಯಲ್ಲಿದ್ದ ಮೊಬೈಲಿನ ಗಾಜಿಗೆ ಒತ್ತಿದ. ಮೊಬೈಲು ಸಣ್ಣಗೆ ನಡುಗಿ ಸುಮ್ಮನಾಯಿತು. ಮತ್ತೆ ಒರೆಸಿ ಮತ್ತೆ ಒತ್ತಿದ.

“ಏನ ಮಾಡಾಕತ್ತೀಯಪ್ಪಾ?” ಎಂದಳು ಹಾಲವ್ವ.

ಹಾಲವ್ವ ಗೂಳಪ್ಪನ ಸೋದರತ್ತೆ. ಎಂಬತ್ತು ದಾಟಿದ್ದಳು. ಬೆಳಗಿನಿಂದ ಹೆಣದ ಮಗ್ಗುಲಲ್ಲೇ ಕೂತು ನೊಣ ಓಡಿಸುತ್ತಿದ್ದಳು. ಬನಹಟ್ಟಿಯ ಆ ಮನೆಯ ಪಡಸಾಲೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಪವರ್‌ಲೂಮ್ ಇದ್ದವು. ಈಗ ನೆಲದಲ್ಲಿ ಬೋಲ್ಟು ಕಿತ್ತ ಗುರುತುಗಳಷ್ಟೇ ಉಳಿದಿದ್ದವು. ಆ ಖಾಲಿ ಜಾಗದಲ್ಲಿ, ಗೋಡೆಗೆ ಆನಿಸಿದ ಹಲಗೆಯ ಮೇಲೆ ಗೂಳಪ್ಪನಿಗೆ ಪದ್ಮಾಸನ ಹಾಕಿಸಿ ಕೂರಿಸಿದ್ದರು. ಐವತ್ತಾರು ವರ್ಷ. ನಸುಕಿನಲ್ಲಿ ಎದ್ದು, ಎದೆ ಹಿಡಿದಂತಾಗಿದೆ ಎಂದು ನೀರು ಕೇಳಿದ್ದ. ಹೆಂಡತಿ ಶೇವಂತಿ ತಂಬಿಗೆ ತರುವುದರೊಳಗೆ ಎಲ್ಲ ಮುಗಿದಿತ್ತು.

“ಏನಿಲ್ಲ ಆಯಿ. ಗೂಳಪ್ಪನ ಈ ಫೋನ್ ತಗದ್ರ ಒಂದು ಕೆಲಸ ಆಗೂದೈತಿ,” ಎಂದ ಪ್ರಭುಲಿಂಗ.

“ಅದಕ್ಕ ಸತ್ತವನ ಹೆಬ್ಬಟ್ಟ ಬೇಕೇನು?”

ಬಾಗಿಲ ಬಳಿ ಭಜನೆ ಹೇಳುತ್ತಿದ್ದವರು ದನಿ ತಗ್ಗಿಸಿದರು. ಗೂಳಪ್ಪನ ತಮ್ಮ ಸಿದ್ದಾರೂಢ ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದವನು ಕೈಯಲ್ಲಿ ಹುರಿ ಹಿಡಿದುಕೊಂಡೇ ಒಳಗೆ ಬಂದ. ಪ್ರಭುಲಿಂಗ ಎದ್ದು ನಿಂತು, ಯಾರೊಬ್ಬರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದ.

“ತಪ್ಪ ತಿಳಕೋಬ್ಯಾಡ್ರಿ. ಹನ್ನೊಂದಕ್ಕ ಹುನ್ನೂರ ಹತ್ತಿರ ಜೆಸಿಬಿ ಹಚ್ಚಿ ರಸ್ತೆ ಅಗಿಯೋರು ಜಮಖಂಡಿಯಿಂದ ಹೊರಗ ಹೋಗು ನಮ್ಮ ಕೇಬಲ್ ಹರದಾರ. ನಾಕೂ ಊರು ಬಂದ್ ಆಗ್ಯಾವು. ಬೀಳಗಿ ದವಾಖಾನಿಯಿಂದ ಫೋನ್, ಬಾಡಗಂಡಿಯಿಂದ ಫೋನ್. ಮುಧೋಳದ ಕಡೆಯಿಂದ ಹೊರಗ ಹೋಗು ದಾರಿ ಛಲೋ ಐತಿ. ಆದ್ರ ಅದನ್ನ ತಗಿಯೂ ಕೀಲಿ ಈ ಫೋನಿನಾಗ ಐತಿ. ಗೂಳಪ್ಪಗ ಬಿಟ್ಟರ ಯಾರಿಗೂ ಗೊತ್ತಿಲ್ಲ.”

ಅವನು ಬೆಳಿಗ್ಗೆ ಏಳಕ್ಕೇ ಬಂದಿದ್ದ. ಹೂವು ತರಿಸಿದ್ದ, ಕುಣಿ ತೋಡುವವರನ್ನು ಗೊತ್ತು ಮಾಡಿದ್ದ, ಅಯ್ಯನವರನ್ನು ಕರೆತರಲು ತನ್ನದೇ ಕಾರು ಕಳಿಸಿದ್ದ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮನೆಮನೆಗೆ ಇಂಟರ್‌ನೆಟ್ ಕೊಡುವ ಕಂಪನಿ ಅವನದು. ಗೂಳಪ್ಪ ಅದರಲ್ಲಿ ಹದಿನಾಲ್ಕು ವರ್ಷ ದುಡಿದಿದ್ದ.

ಒಳಮನೆಯ ಬಾಗಿಲಲ್ಲಿ ಶೇವಂತಿ ಕಾಣಿಸಿಕೊಂಡಳು. ಅತ್ತು ಅತ್ತು ಮುಖ ಉಬ್ಬಿತ್ತು, ದನಿ ಮಾತ್ರ ಸಣ್ಣಗಿತ್ತು.

“ಅವರ ಕೈ ಬಿಡ್ರಿ ಸಾವಕಾರ್ರ. ಇದ್ದಾಗಂತೂ ಬಿಡಲಿಲ್ಲ. ಈಗರ ಬಿಡ್ರಿ.”

ಪ್ರಭುಲಿಂಗ ಮೊಬೈಲನ್ನು ಅವಳ ಕೈಗಿತ್ತು ಹೊರಗೆ ಹೋದ. ಹಾಲವ್ವ ಗೂಳಪ್ಪನ ಬೆರಳಿಗೆ ಮತ್ತೆ ವಿಭೂತಿ ಹಚ್ಚಿದಳು.

*

ನಾಲ್ಕು ವರ್ಷದ ಹಿಂದೆ ಸಂಘಮಿತ್ರಾ ಕೆಲಸಕ್ಕೆ ಸೇರಿದ ಮೊದಲ ವಾರ ಗೂಳಪ್ಪ ಅವಳಿಗೆ ಪಾಠ ಹೇಳಿದ್ದ. ಅವಳು ಮುಧೋಳದವಳು. ಡಿಪ್ಲೊಮಾ ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದಳು. ಕಂಪನಿಯ ಮುಖ್ಯ ಯಂತ್ರಗಳು ಗೂಳಪ್ಪನ ಮನೆಯ ಮಹಡಿ ಕೋಣೆಯಲ್ಲಿದ್ದವು. ಅವಳು ಹೊರಗಿನ ಕಬ್ಬಿಣದ ಮೆಟ್ಟಿಲೇರಿ ಬರುತ್ತಿದ್ದಳು, ಅದರಿಂದಲೇ ಹೋಗುತ್ತಿದ್ದಳು. ಅವಳ ಜಾತಿಯವರನ್ನು ಮನೆಯೊಳಗೆ ಕರೆಯುವ ರೂಢಿ ಇರಲಿಲ್ಲ. ಶೇವಂತಿ ಚಹಾವನ್ನು ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದಳು.

“ನೋಡವಾ,” ಎಂದಿದ್ದ ಗೂಳಪ್ಪ, “ನಾಕ ಊರಾಗ ನಾಕ ರೂಟರ್ ಅದಾವು. ನನ್ನ ಕಡೆ ಇಂಥಿಂಥಾ ಮನಿ ಅದಾವು ಅಂತ ಒಂದಕ್ಕೊಂದು ಸದಾ ಹೇಳ್ಕೊಂತ ಇರ್ತಾವು. ಅದು ಒಳಗಿನ ಮಾತಾತು. ಹೊರಗಿನ ಜಗತ್ತು? ಅದರ ವಿಳಾಸ ಇವಕ್ಕೇನ ಗೊತ್ತು? ಅದಕ್ಕ ಒಂದು ರೂಟರ್ ಸಾರಬೇಕು. ‘ನಿಮಗ ಗೊತ್ತಿಲ್ಲದ್ದೆಲ್ಲ ನನ್ನ ಕಡೆ ಕಳಸ್ರಿ, ನಾ ಹೊರಗ ಮುಟ್ಟಸ್ತೇನಿ’ ಅಂತ. ಡಿಫಾಲ್ಟ್ ರೂಟ್ ಅಂದ್ರ ಅದ. ನಮ್ಮಲ್ಲಿ ಜಮಖಂಡಿ ಸಾರತೈತಿ.”

“ಮುಧೋಳಕ್ಕೂ ಹೊರಗಿನ ಲೈನ್ ಐತಲ್ರಿ?”

“ಐತಿ. ಆದ್ರ ಅದು ಸಣ್ಣದು. ಸುಮ್ಮ ಇರಬೇಕು. ಜಮಖಂಡಿ ಕೈಕೊಟ್ಟಾಗಷ್ಟ ಅದರ ಬಾಯಿ ಬಿಡಸ್ತೇನಿ.”

ಹಿಂದೆ ಹೊರಗಿನ ಗುತ್ತಿಗೆದಾರನೊಬ್ಬ ಏನೂ ನೋಡದೆ ಜಮಖಂಡಿ ರೂಟರಿಗೆ ‘ಯಾವಾಗಲೂ ಸಾರುತ್ತಿರು’ ಎಂದು ಬರೆದುಹೋಗಿದ್ದನಂತೆ. ಒಂದು ಮಳೆಗಾಲ ಜಮಖಂಡಿಯ ಹೊರಗಿನ ಲೈನು ಹರಿಯಿತು. ರೂಟರ್ ಮಾತ್ರ ನನ್ನ ಕಡೆ ಕಳಿಸಿ, ನನ್ನ ಕಡೆ ಕಳಿಸಿ ಎಂದು ಹೇಳುತ್ತಲೇ ಇತ್ತು. ನಾಲ್ಕು ಊರಿನದೆಲ್ಲ ಅಲ್ಲಿಗೆ ಹೋಗಿ ಅಲ್ಲೇ ಸಾಯಿತು. ಎರಡು ದಿನ ಯಾರಿಗೂ ಕಾರಣ ತಿಳಿಯಲಿಲ್ಲ. ಮಗ್ಗದ ರಿಪೇರಿ ಮಾಡುತ್ತ, ಆಮೇಲೆ ಟಿವಿ ಕೇಬಲ್ ಎಳೆಯುತ್ತ ಇಲ್ಲಿಗೆ ಬಂದಿದ್ದ ಗೂಳಪ್ಪನೇ ಪುಸ್ತಕ ಇಟ್ಟುಕೊಂಡು ಕೂತು ಅದನ್ನು ಹಿಡಿದ. ಆವತ್ತಿನಿಂದ ಜಮಖಂಡಿ, ಮುಧೋಳ ಎರಡೂ ರೂಟರಿನ ಕೀಲಿ ಅವನ ಕೈಗೆ ಬಂತು.

“ದಾರಿ ಇಲ್ಲದವ ದಾರಿ ಐತಿ ಅಂತ ಹೇಳಬಾರದವಾ,” ಎಂದು ಅವನು ಚಹಾ ಕುಡಿದಿದ್ದ. “ಅದಕ್ಕ ಅದರ ಸಾರೂದು ನನ್ನ ಕೈಯಾಗ. ಜಮಖಂಡಿ ಹರಿತು ಅಂದ್ರ ಅದರ ಬಾಯಿ ಮುಚ್ಚತೇನಿ, ಮುಧೋಳದ್ದು ತಗೀತೇನಿ. ಕೂಡಿತು ಅಂದ್ರ ಮತ್ತ ತಿರುವತೇನಿ.”

“ಹಗಲೂ ರಾತ್ರೀನೂರಿ?”

“ಜೆಸಿಬಿಗಿ ಹೊತ್ತು ಗೊತ್ತು ಐತೇನು?”

“ಸರ್, ಇದನ್ನ ತಾನ ಆಗೂವಂಗ ಬರೀಬಹುದಲ್ರಿ? ಹೊರಗಿನ ಲೈನ್ ಜೀವಂತ ಇದ್ರಷ್ಟ ಸಾರು, ಇಲ್ಲಂದ್ರ ಸುಮ್ಮನಿರು ಅಂತ?”

ಗೂಳಪ್ಪ ಕಪ್ಪನ್ನು ಕಿಟಕಿಯಲ್ಲಿಟ್ಟಿದ್ದ.

“ಮಾಡಿ ನೋಡೇನಿ. ಅದು ಕೆಡತೈತಿ,” ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದ. ಅವಳಿಗೆ ಬೀಳಗಿ ರೂಟರಿನ ಕೀಲಿ ಕೊಟ್ಟ. ಜಮಖಂಡಿ, ಮುಧೋಳದ್ದು ಕೊಡಲಿಲ್ಲ.

*

ಹನ್ನೆರಡೂವರೆಗೆ ಶೇವಂತಿಗೆ ಇಚಲಕರಂಜಿಯಿಂದ ಮಗಳು ವೈಶಾಲಿಯ ಫೋನ್ ಬಂತು. ಅವಳಿಗೆ ಮೂರು ದಿನದ ಹಿಂದೆ ಹೊಟ್ಟೆ ಕೊಯ್ದು ಹೆರಿಗೆಯಾಗಿತ್ತು. ಡಾಕ್ಟರರು ಹಾಸಿಗೆಯಿಂದ ಏಳಗೊಟ್ಟಿರಲಿಲ್ಲ.

“ಯವ್ವಾ, ಅಪ್ಪನ ಮಾರಿ ತೋರಸ ಬೇ.”

“ತೋರಸ್ತೇನಿ ಮಗಳ.”

ಶೇವಂತಿ ಚಿತ್ರದ ಗುಂಡಿ ಒತ್ತಿದಳು. ಕಪ್ಪು ಪರದೆಯಲ್ಲಿ ಒಂದು ಉಂಗುರ ತಿರುಗುತ್ತಲೇ ಇತ್ತು. ಊರಿನ ಮೊಬೈಲ್ ಟವರಿನವರೂ ಇಂಟರ್‌ನೆಟ್ಟಿಗೆ ಪ್ರಭುಲಿಂಗನ ಜಾಲವನ್ನೇ ಬಾಡಿಗೆಗೆ ಹಿಡಿದಿದ್ದರು. ಮಾತು ಕೇಳುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ನಾಲ್ಕು ಸಲ ಒತ್ತಿದರೂ ಅದೇ ಉಂಗುರ.

“ಯಾಕ ಬರವಲ್ದು ಬೇ?”

“ಕೇಬಲ್ ಹರದೈತಂತ.”

“ಇವತ್ತೂನಾ?” ಎಂದಳು ವೈಶಾಲಿ.

*

ಎರಡು ವರ್ಷದ ಹಿಂದೆ ಅವಳ ಮದುವೆ ಇಚಲಕರಂಜಿಯಲ್ಲೇ ನಡೆದಿತ್ತು. ಗೂಳಪ್ಪ ಹಿಂದಿನ ದಿನ ಸಂಜೆ ಬಂದ. ಹೊಸ ಅಂಗಿಯ ಜೇಬಿನಲ್ಲಿ ಮೊಬೈಲು, ಚೀಲದಲ್ಲಿ ಲ್ಯಾಪ್‌ಟಾಪು. ಅಕ್ಷತೆಗೆ ಇನ್ನರ್ಧ ತಾಸಿತ್ತು. ಮೊಬೈಲು ನಡುಗಿತು. ಗೂಳಪ್ಪ ಎದ್ದು ಮಂಟಪದ ಹಿಂದೆ ಹೋದ. ಅಲ್ಲಿ ಸಿಗ್ನಲ್ ಸಿಗಲಿಲ್ಲ. ಓಣಿಗೆ ಹೋದ, ಅಲ್ಲೂ ಇಲ್ಲ. ಮಾಳಿಗೆ ಹತ್ತಿದ. ಕೊನೆಗೆ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದ.

ಜಮಖಂಡಿಯ ಬಾಯಿ ಮುಚ್ಚಿಸಿ, ಮುಧೋಳದ್ದು ಬಿಡಿಸಿ, ಎಲ್ಲ ಕೂಡಿತೆಂದು ಖಾತ್ರಿ ಮಾಡಿಕೊಂಡು ಬರುವಷ್ಟರಲ್ಲಿ ಮಗಳ ಕೊರಳಲ್ಲಿ ತಾಳಿ ಇತ್ತು. ಕೈ ಹಿಡಿದು ಕೊಟ್ಟವನು ಚಿಕ್ಕಪ್ಪ ಸಿದ್ದಾರೂಢ. ಗೂಳಪ್ಪ ಊಟದ ಸಾಲಿನ ತುದಿಯಲ್ಲಿ ನಿಂತು ಎಲ್ಲರಿಗೂ ನೀರು ಹಾಕಿದ.

ಬನಹಟ್ಟಿಗೆ ಮರಳುವ ಬಸ್ಸಿನಲ್ಲಿ ಶೇವಂತಿ ಒಂದೇ ಮಾತು ಕೇಳಿದಳು: “ಬ್ಯಾರೆ ಯಾರೂ ಮಾಡಾಕ ಬರೂದಿಲ್ಲೇನ್ರಿ ಅದನ್ನ?”

“ಬರೂದಿಲ್ಲ,” ಎಂದ ಗೂಳಪ್ಪ.

*

ಅಂಗಳದ ಆಚೆ, ಬೇವಿನ ಗಿಡದ ಕೆಳಗೆ ಸಂಘಮಿತ್ರಾ ನಿಂತಿದ್ದಳು. ಬೆಳಿಗ್ಗೆ ಬಂದು ದೂರದಿಂದಲೇ ಕೈ ಮುಗಿದವಳು ಅಲ್ಲಿಂದ ಮುಂದೆ ಬಂದಿರಲಿಲ್ಲ. ಶೇವಂತಿ ತಲೆಬಾಗಿಲಿಗೆ ಬಂದು ಅವಳನ್ನು ಕರೆದಳು.

“ಈ ಫೋನ್ ತಗದು ಕೊಟ್ರ ನಿನಗ ಮಾಡಾಕ ಬರತೈತೇನು?”

“ಬರತೈತ್ರಿ. ಲಾಗಿನ್ ಆಗೂಮುಂದ ಫೋನಿನಾಗ ಒಂದು ನಂಬರ ಬರತೈತಿ. ಅದೊಂದು ಬೇಕ್ರಿ.”

“ವೈಶಾಲಿಗಿ ಅವರ ಮಾರಿ ಕಾಣತೈತಿ?”

“ಕಾಣತೈತ್ರಿ.”

ಶೇವಂತಿ ಗೂಳಪ್ಪನ ಮೊಬೈಲನ್ನು ಅಂಗೈಯಲ್ಲಿ ಇಟ್ಟುಕೊಂಡು, ಗಾಜಿನ ಮೇಲಿನ ಒಂಬತ್ತು ಚುಕ್ಕೆಗಳಲ್ಲಿ ಬೆರಳು ಎಳೆದಳು. ಮೇಲಿನ ಮೂಲೆಯಿಂದ ಕೆಳಗೆ, ಅಡ್ಡ, ಮತ್ತೆ ಮೇಲೆ. ಮೊಬೈಲು ತೆರೆಯಿತು. ಗೂಳಪ್ಪ ಅದನ್ನು ಅವಳಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಬಲಗೈಯಲ್ಲಿ ರೊಟ್ಟಿ ಮುರಿಯುತ್ತಿರುವಾಗ ಕರೆ ಬಂದರೆ ಅವನು ಎಡಗೈ ಬೆರಳಿನಿಂದ ಹಾಗೆ ಎಳೆಯುತ್ತಿದ್ದ. ಅವಳು ಎದುರು ಕೂತು ನೋಡುತ್ತಿದ್ದಳು. ನೋಡನೋಡುತ್ತ ಅದು ಅವಳ ಬೆರಳಿಗೂ ಬಂದಿತ್ತು.

ಪ್ರಭುಲಿಂಗ ಮೊಬೈಲಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

“ಬಾ,” ಎಂದಳು ಸಂಘಮಿತ್ರಾಗೆ. ಆ ಹುಡುಗಿ ಹೊರಮೆಟ್ಟಿಲಿನ ಕಡೆ ತಿರುಗಿದಳು. “ಅಲ್ಲಿಂದ ಬ್ಯಾಡ. ಒಳಗಿಂದನ ಬಾ.”

ಪಡಸಾಲೆಯಲ್ಲಿ ಕೂತಿದ್ದ ಹೆಂಗಸರು ಸೀರೆ ಸರಿಸಿ ದಾರಿ ಬಿಟ್ಟರು. ಸಂಘಮಿತ್ರಾ ಹೆಣದ ಮುಂದೆ ಒಂದು ಗಳಿಗೆ ನಿಂತು, ಬಗ್ಗಿ ನೆಲ ಮುಟ್ಟಿ, ಮಹಡಿ ಹತ್ತಿದಳು.

ಕೋಣೆಯಲ್ಲಿ ಫ್ಯಾನಿನ ಸದ್ದು. ಗೂಳಪ್ಪನ ಕನ್ನಡಕ ಕೀಲಿಮಣೆಯ ಮೇಲೇ ಇತ್ತು. ಸಂಘಮಿತ್ರಾ ಅದನ್ನು ಮಡಿಸಿ ಪಕ್ಕಕ್ಕಿಟ್ಟಳು. ಊರು ಊರಿನ ನಡುವಿನ ತಂತಿ ಗಟ್ಟಿಯಾಗಿತ್ತು. ನಾಲ್ಕೂ ರೂಟರ್ ಒಳಗೊಳಗೆ ಮಾತಾಡುತ್ತಲೇ ಇದ್ದವು. ಹೊರದಾರಿ ಹರಿದ ಜಮಖಂಡಿ ಮಾತ್ರ ಇನ್ನೂ ನನ್ನ ಕಡೆ ಕಳಿಸಿ ಎನ್ನುತ್ತಲೇ ಇತ್ತು. ಶೇವಂತಿ ಮೊಬೈಲಿನ ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದಳು. ಮುಧೋಳದ ರೂಟರ್ ತೆರೆಯಿತು.

ಸಂಘಮಿತ್ರಾ ಬರೆಯಲು ಕೈ ಎತ್ತಿದವಳು ಹಾಗೆಯೇ ನಿಂತಳು. ಬರೆಯಬೇಕಾದದ್ದು ಅಲ್ಲಿ ಆಗಲೇ ಇತ್ತು. ಹೊರಗಿನ ಲೈನನ್ನು ಕ್ಷಣಕ್ಷಣಕ್ಕೂ ತಟ್ಟಿ ನೋಡು. ಜೀವಂತವಿದ್ದರೆ, ಜಮಖಂಡಿಯ ದನಿ ನಿಂತಿದ್ದರೆ, ಆಗ ಮಾತ್ರ ಸಾರು. ಜಮಖಂಡಿ ಮರಳಿದ ಕೂಡಲೇ ಸುಮ್ಮನಾಗು. ಹನ್ನೆರಡು ಸಾಲು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರತಿ ಸಾಲಿನ ಮುಂದೆಯೂ ಅದನ್ನು ನಿಷ್ಕ್ರಿಯ ಮಾಡಿದ ಗುರುತು. ಮೇಲೆ ತಾರೀಖು: 2016ರ ಆಗಸ್ಟ್. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಗೂಳಪ್ಪ ಕನ್ನಡದ ಎರಡು ಪದ ಬರೆದಿದ್ದ. ‘ಚಾಲೂ ಮಾಡಬ್ಯಾಡ.’

ಅವಳು ಜಮಖಂಡಿಯ ರೂಟರನ್ನೂ ತೆಗೆದು ನೋಡಿದಳು. ಅಲ್ಲೂ ಅದೇ.

ಎರಡೂ ಕಡೆ ಗುರುತುಗಳನ್ನು ತೆಗೆದು ಚಾಲೂ ಮಾಡಿದಳು. ಸ್ವಲ್ಪ ಹೊತ್ತಿಗೆ ಕೆಳಗೆ ಯಾರದೋ ಮೊಬೈಲಿನಲ್ಲಿ, ಆಮೇಲೆ ಇನ್ನೊಬ್ಬರ ಮೊಬೈಲಿನಲ್ಲಿ ಸಂದೇಶಗಳು ಬೀಳುವ ಸದ್ದು ಕೇಳಿತು.

“ಇಷ್ಟನ?” ಎಂದಳು ಶೇವಂತಿ.

“ಇಷ್ಟರಿ.”

“ಮುಂದ ಮತ್ತ ಹರದ್ರ?”

ಸಂಘಮಿತ್ರಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಯಾರೂ ಏನೂ ಮಾಡೂದು ಬ್ಯಾಡ್ರಿ. ತಾನ ತಿರಗತೈತಿ. ಸರ್ ಬರದು ಇಟ್ಟಿದ್ರು.”

“ಯಾವಾಗ?”

“ಒಂಬತ್ತ ವರ್ಷ ಆತ್ರಿ.”

“ಅದು ಕೆಟ್ಟಿತ್ತಲ್ಲ. ನನಗ ಹಂಗ ಹೇಳಿದ್ರು.”

“ನನಗೂ ಹಂಗ ಹೇಳಿದ್ರು. ಕೆಟ್ಟಿಲ್ರಿ.” ಅವಳು ಮೇಲಿದ್ದ ತಾರೀಖಿನ ಮೇಲೆ ಬೆರಳಿಟ್ಟಳು. “ಬಂದ್ ಮಾಡಿದ್ರು.”

ಶೇವಂತಿ ಗೂಳಪ್ಪನ ಕುರ್ಚಿಯ ಮೇಲೆ ಕೂತಳು. ಆ ಕುರ್ಚಿಯಲ್ಲಿ ಅವಳು ಎಂದೂ ಕೂತವಳಲ್ಲ.

*

ಆ ವರ್ಷ ಶ್ರಾವಣದಲ್ಲಿ ಗೂಳಪ್ಪ ಹನ್ನೊಂದು ದಿನ ಬೇರೆ ಮನುಷ್ಯನಾಗಿದ್ದ. ಮಧ್ಯಾಹ್ನ ಉಂಡು ಮಲಗಿದ. ಸಿದ್ದಾರೂಢನ ಜೊತೆ ಕೂತು ಸಂಜೆಯ ತನಕ ಇಸ್ಪೀಟು ಆಡಿದ. ಒಂದು ಸೋಮವಾರ ಶೇವಂತಿಯನ್ನು ಕರೆದುಕೊಂಡು ಬಸ್ಸು ಹತ್ತಿ ಗಲಗಲಿಗೆ ಹೋದ. ಕೃಷ್ಣೆ ತುಂಬಿದ್ದಳು. ದಂಡೆಯಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದರು. ಮೊಬೈಲು ಚೀಲದ ತಳದಲ್ಲಿತ್ತು. ಗೂಳಪ್ಪ ಧೋತರ ಎತ್ತಿ ಕಟ್ಟಿ ಮೊಳಕಾಲುದ್ದ ನೀರಿಗಿಳಿದು, ತಿರುಗಿ ಅವಳನ್ನು ಕರೆದಿದ್ದ. ಅವಳು ನಾಚಿ ಹೋಗಿರಲಿಲ್ಲ.

“ಇವತ್ತ ಫೋನ್ ಬರೂದಿಲ್ಲೇನ್ರಿ?”

“ಬರೂದಿಲ್ಲ. ತಾನ ನಡಿಯೂವಂಗ ಮಾಡೇನಿ. ಇನ್ನ ದೀಪಾವಳಿಗಿ ಶ್ರೀಶೈಲಕ್ಕ ಹೋಗೂನು.”

ಹನ್ನೆರಡನೆಯ ದಿನ ಪ್ರಭುಲಿಂಗ ಆಫೀಸಿನಲ್ಲಿ ಕೂತು ಆ ತಿಂಗಳ ವರದಿ ನೋಡಿದ. ಲೈನು ನಾಲ್ಕು ಸಲ ಹರಿದಿತ್ತು. ಒಬ್ಬನೇ ಒಬ್ಬ ಗಿರಾಕಿ ದೂರು ಕೊಟ್ಟಿರಲಿಲ್ಲ. ಅವನಿಗೆ ಖುಷಿಯಾಯಿತು. ಗೂಳಪ್ಪನಿಗೆ ಪೇಢೆ ಕೊಟ್ಟು, ಬೆನ್ನು ತಟ್ಟಿ, ನಗುತ್ತ ಅಂದ: “ಇದು ಹಿಂಗ ತಾನ ನಡದ್ರ ನಿನ್ನ ಯಾಕ ಇಟ್ಕೋಬೇಕೋ ಗೂಳಪ್ಪಾ?”

ಅಲ್ಲಿದ್ದವರೂ ನಕ್ಕರು. ಗೂಳಪ್ಪನೂ ನಕ್ಕ. ಆ ಪೇಢೆಯನ್ನು ತಿನ್ನಲಿಲ್ಲ, ಜೇಬಿನಲ್ಲಿಟ್ಟುಕೊಂಡು ಬಂದು ವೈಶಾಲಿಗೆ ಕೊಟ್ಟ. ಅವಳಾಗ ಹೈಸ್ಕೂಲಿನಲ್ಲಿದ್ದಳು. ಲೂಮುಗಳನ್ನು ಗುಜರಿಯವರು ಒಯ್ದು ಎರಡು ವರ್ಷವಾಗಿತ್ತು. ಗೂಳಪ್ಪನಿಗೆ ನಲವತ್ತೇಳು. ಪುಸ್ತಕ ಓದಿ ಕಲಿತ ಈ ಕೆಲಸ ಬಿಟ್ಟರೆ ಅವನ ಕೈಯಲ್ಲಿ ಬೇರೇನೂ ಇರಲಿಲ್ಲ. ಇದನ್ನು ಕಾಗದದ ಮೇಲೆ ತೋರಿಸುವ ಸರ್ಟಿಫಿಕೇಟು ಒಂದೂ ಇರಲಿಲ್ಲ.

ಸಂಜೆ ಮಹಡಿ ಹತ್ತಿದವನು ದೀಪ ಹಚ್ಚುವ ಹೊತ್ತಿಗೆ ಇಳಿದು ಬಂದ.

“ಅದು ಕೆಟ್ಟಿತು,” ಎಂದ. “ಕೈಲೆನ ಮಾಡಬೇಕು.”

ದೀಪಾವಳಿಗೆ ಶೇವಂತಿ ಮತ್ತೆ ಕೇಳಲಿಲ್ಲ.

*

ಕೆಳಗಿಳಿದಾಗ ಪ್ರಭುಲಿಂಗ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದ. ಮುಖದಲ್ಲಿ ಜೀವ ಬಂದಿತ್ತು.

“ಕೂಡಿತಲ್ಲವಾ. ಏನ ಮಾಡಿದಿ?”

ಸಂಘಮಿತ್ರಾ ಶೇವಂತಿಯ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. ಮುಧೋಳದ ಎರಡು ಕೋಣೆಯ ಮನೆಯಲ್ಲಿ ಅವಳ ದಾರಿ ಕಾಯುವ ತಾಯಿ ಇದ್ದಳು. ದುಡಿಯುವ ಕೈ ಮತ್ತೊಂದು ಇರಲಿಲ್ಲ.

“ಕೈಲೆ ತಿರುವೇನ್ರಿ,” ಎಂದಳು.

“ಛಲೋ ಮಾಡಿದಿ.”

ಶೇವಂತಿ ಅದನ್ನು ಕೇಳಿಸಿಕೊಂಡಳು. ಪಡಸಾಲೆಗೆ ಹೋಗಿ, ಗಂಡನ ಎದುರು ಕೂತು ಮಗಳಿಗೆ ಫೋನ್ ಮಾಡಿದಳು. ಈ ಸಲ ಚಿತ್ರ ಬಂತು. ವೈಶಾಲಿ ತಂದೆಯನ್ನು ನೋಡಿ ಅಳಲಿಲ್ಲ. “ಅಪ್ಪ ಎಷ್ಟ ಬಡಕ ಆಗ್ಯಾನ ಬೇ,” ಎಂದಳು. ಹಾಲವ್ವ ಪರದೆಯಲ್ಲಿ ಕೂಸನ್ನು ಕಂಡು ಬಾಯಿಗೆ ಸೆರಗು ಹಿಡಿದಳು.

“ಮಣ್ಣ ಮಾಡೂತನಾನೂ ಕಟ್ ಮಾಡಬ್ಯಾಡ್ರಿ. ನಾ ಇರ್ತೇನಿ,” ಎಂದಳು ವೈಶಾಲಿ.

ಮೊಬೈಲು ಹಿಡಿಯುವ ಕೆಲಸ ಸಂಘಮಿತ್ರಾಗೆ ಬಂತು.

ಮೂರಕ್ಕೆ ಹೆಣ ಎತ್ತಿದರು. ಭಜನೆಯವರು ಮುಂದೆ, ಗಂಡಸರು ಹೆಗಲು ಬದಲಿಸುತ್ತ ನಡುವೆ, ಹೆಂಗಸರು ಹಿಂದೆ. ಓಣಿಯಲ್ಲಿ ಉಳಿದಿದ್ದ ಹತ್ತಾರು ಲೂಮುಗಳು ನಿಂತಿದ್ದವು. ನೂಲಿನ ಧೂಳು ಹಚ್ಚಿಕೊಂಡ ಜನ ಬಾಗಿಲಿಗೆ ಬಂದು ಕೈ ಮುಗಿದರು. “ಫೋನ್ ಹಚ್ಚಿದ್ರ ಒಂದ ಸಲನೂ ಇಲ್ಲ ಅಂತಿದ್ದಿಲ್ಲಪ್ಪ ಮನುಷ್ಯಾ,” ಎಂದರು ಯಾರೋ. “ಊರು ಬಿಟ್ಟು ಹೋದವನ ಅಲ್ಲ,” ಎಂದರು ಇನ್ನೊಬ್ಬರು. ಅದು ಹೊಗಳಿಕೆಯಾಗಿತ್ತು. ಶೇವಂತಿ ತಲೆ ತಗ್ಗಿಸಿ ನಡೆದಳು.

ಸಂಘಮಿತ್ರಾ ಅವಳ ಪಕ್ಕಕ್ಕೆ ಬಂದಳು. ಮೊಬೈಲನ್ನು ಎದೆಗೆ ಆನಿಸಿ, ಆ ಕಡೆಯವರಿಗೆ ಕೇಳದಂತೆ ಕೈ ಮುಚ್ಚಿದ್ದಳು.

“ಅಕ್ಕಾ, ಸಾವಕಾರ್ರಿಗಿ ನಾ ಸುಳ್ಳ ಹೇಳಿದೆ.”

“ಕೇಳಿಸಿಕೊಂಡೆ.”

“ನಾಳಿಗಿ ಹೇಳ್ತೇನ್ರಿ.”

“ಅವರೂ ಅವತ್ತ ಹಂಗ ಅಂದ್ಕೊಂಡಿರಬೇಕು,” ಎಂದಳು ಶೇವಂತಿ. “ಒಂದ ತಿಂಗಳ ತಡದು ಹೇಳಿದ್ರಾತು ಅಂತ. ಮಗಳ ಸಾಲಿ ಮುಗಿಯೂತನ ಅಂತ. ಮದುವಿ ಆಗೂತನ ಅಂತ.” ಮತ್ತೆ ಸ್ವಲ್ಪ ನಡೆದು, “ನನಗರ ಹೇಳಬೇಕಿತ್ತಲ್ಲ,” ಎಂದಳು. “ನಾ ಯಾರ ಮುಂದ ಹೇಳಾಕಿದ್ದೆ?”

ಸಂಘಮಿತ್ರಾ ಮೊಬೈಲಿನ ಮೇಲಿಂದ ಕೈ ತೆಗೆದಳು.

ಕುಣಿ ಆಳವಾಗಿತ್ತು. ಅದರ ಒಂದು ಬದಿಗೆ ಕೂತ ಆಳು ಹಿಡಿಸುವಷ್ಟು ಗವಿ ಕೊರೆದಿದ್ದರು. ಸಿದ್ದಾರೂಢ ಇಳಿದು ಅಣ್ಣನನ್ನು ಎದೆಗೆ ಒರಗಿಸಿಕೊಂಡು ಒಳಗೆ ಕೂರಿಸಿದ. ಅಯ್ಯನವರು ಮಂತ್ರ ಹೇಳುತ್ತ ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಕೊಟ್ಟರು. ಮೊಣಕಾಲಿನ ಪಕ್ಕ ಒಂದು, ಸೊಂಟದ ಪಕ್ಕ ಒಂದು, ಕಂಕುಳಲ್ಲಿ ಒಂದು. ನಡುವಿನ ಸಂದುಗಳಿಗೆ ಉಪ್ಪು ಸುರಿದು, ಬಿಲ್ವಪತ್ರೆ ತುರುಕಿ, ಗೂಳಪ್ಪ ಯಾವ ಬದಿಗೂ ವಾಲದಂತೆ ಕೊರಳಿನ ತನಕ ಬಿಗಿ ಮಾಡಿದರು. ಸಂಘಮಿತ್ರಾ ಕುಣಿಯ ಅಂಚಿನಲ್ಲಿ ನಿಂತು ಮೊಬೈಲನ್ನು ಮುಂದೆ ಚಾಚಿ ಹಿಡಿದಿದ್ದಳು.

“ಸ್ವಲ್ಪ ಸಡಲ ಬಿಡಾಕ ಹೇಳ್ರಿ,” ಎಂದಳು ವೈಶಾಲಿ ಆ ಕಡೆಯಿಂದ. ಅದು ಸಂಘಮಿತ್ರಾಗೆ ಮಾತ್ರ ಕೇಳಿಸಿತು.

ಗವಿಯ ಬಾಯಿಗೆ ಕಲ್ಲು ಇಟ್ಟರು. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ಸಲಿಕೆಗಳು ಕೆಲಸ ಶುರು ಮಾಡಿದವು. ಪ್ರಭುಲಿಂಗ ಕೈ ಜಾಡಿಸಿಕೊಂಡು ಸಂಘಮಿತ್ರಾಳ ಹಿಂದೆ ಬಂದು ನಿಂತ.

“ನಾಳಿಯಿಂದ ಗೂಳಪ್ಪನ ಫೋನ್ ನಿನ್ನ ಹತ್ತಿರ ಇರಲಿ,” ಎಂದ ತಗ್ಗಿದ ದನಿಯಲ್ಲಿ. “ಮುಧೋಳದಿಂದ ಬಂದು ಹೋಗಿ ಮಾಡೂದು ಆಗೂದಿಲ್ಲ. ಬನಹಟ್ಟಿಯೊಳಗ ಒಂದು ಖೋಲಿ ನೋಡಸ್ತೇನಿ. ಊರು ಬಿಟ್ಟು ಹೋಗೂವಂಗಿಲ್ಲ ನೋಡು, ಅದೊಂದು.”

ಸಂಘಮಿತ್ರಾ ತಿರುಗಲಿಲ್ಲ. ಕೈ ಚಾಚಿಕೊಂಡೇ ಇದ್ದಳು.

“ಫೋನ್ ಬ್ಯಾಡ್ರಿ,” ಎಂದಳು. “ಯಾರೂ ಕುಂದರೂದು ಬ್ಯಾಡ್ರಿ. ಅದು ತಾನ ನಡಿತೈತಿ. ನಾ ಆಗ ಸುಳ್ಳ ಹೇಳಿದೆ.”

“ಏನಂದಿ?”

“ಲೈನ್ ಹರದ್ರ ಮುಧೋಳ ತಾನ ಸಾರತೈತಿ, ಕೂಡಿದ್ರ ತಾನ ಸುಮ್ಮನಾಗತೈತಿ. ಗೂಳಪ್ಪ ಸರ್ ಒಂಬತ್ತ ವರ್ಷದ ಹಿಂದನ ಬರದಾರ. ಬಂದ್ ಮಾಡಿ ಇಟ್ಟಿದ್ರು. ನಾ ಚಾಲೂ ಅಷ್ಟ ಮಾಡೇನಿ.”

ಪ್ರಭುಲಿಂಗ ಅರ್ಧ ತುಂಬಿದ ಕುಣಿಯನ್ನು ನೋಡಿದ. ಆಮೇಲೆ ದೂರದಲ್ಲಿ ಹೆಂಗಸರ ನಡುವೆ ನಿಂತಿದ್ದ ಶೇವಂತಿಯನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

“ಒಂಬತ್ತ ವರ್ಷ?” 

“ಹೌದ್ರಿ.”

“ಹುಚ್ಚಮನುಷ್ಯಾ. ನನಗ ಹೇಳಿದ್ರ ನಾ ಏನ ಬ್ಯಾಡ ಅಂತಿದ್ದೆನೇನು?” ಎಂದ. ಪೇಢೆ ಕೊಟ್ಟು ನಗುತ್ತ ಆಡಿದ ಆ ಮಾತು ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಬೇರೆಯದೇ ದನಿಯಲ್ಲಿ, “ನಾಳಿ ಆಫೀಸಿಗಿ ಬಾ. ನಿಂದು ಏನ ಮಾಡೂದು ನೋಡೂನು,” ಎಂದು ಜನರ ಕಡೆ ಹೋದ.

ಮಣ್ಣು ಏರಿಸಿ, ನೀರು ಚಿಮುಕಿಸಿ, ಮೇಲೆ ಹೂವು ಹಾಕಿದರು. ಜನ ಎರಡೆರಡಾಗಿ ಗೇಟಿನ ಹತ್ತಿರದ ನಲ್ಲಿಯ ಕಡೆ ನಡೆದರು. ಕಾಲು ತೊಳೆಯುವ ನೀರಿನ ಸದ್ದು, ಮೋಟರ್‌ಸೈಕಲ್ ಚಾಲೂ ಆಗುವ ಸದ್ದು. ಹಾಲವ್ವನನ್ನು ಇಬ್ಬರು ಹಿಡಿದುಕೊಂಡು ಹೋದರು. ಸಂಘಮಿತ್ರಾ ಮಾತ್ರ ಮಣ್ಣಿನ ಗುಡ್ಡೆಯ ಮುಂದೆ ಹಾಗೆಯೇ ನಿಂತಿದ್ದಳು. ವೈಶಾಲಿ ಕರೆ ಕಟ್ ಮಾಡಿರಲಿಲ್ಲ. ಸಾಕು ಎಂದು ಹೇಳಿರಲಿಲ್ಲ. ಕೂಸನ್ನು ಎದೆಗಿಟ್ಟುಕೊಂಡು, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಒಂದು ತಾಸಿನ ಮೇಲಾಗಿತ್ತು. ಸಂಘಮಿತ್ರಾಳ ತೋಳು ಸೆಟೆದುಕೊಂಡು ಅದರ ನೋವು ಕೂಡ ತಿಳಿಯದಂತಾಗಿತ್ತು.

ಶೇವಂತಿ ಗೇಟಿನ ತನಕ ಹೋದವಳು ತಿರುಗಿ ಬಂದಳು. ಬರಿಗಾಲಿಗೆ ಹಸಿ ಮಣ್ಣು ಮೆತ್ತಿತ್ತು.

“ಕೈ ಇಳಸವಾ,” ಎಂದಳು.

ಸಂಘಮಿತ್ರಾ ಇಳಿಸಲು ನೋಡಿದಳು. ಕೈ ಬರಲಿಲ್ಲ. ಶೇವಂತಿ ಒಂದು ಕೈ ಅವಳ ಮೊಣಕೈಗೂ ಇನ್ನೊಂದನ್ನು ಮಣಿಕಟ್ಟಿಗೂ ಹಚ್ಚಿ, ಮೆಲ್ಲಮೆಲ್ಲನೆ ಕೆಳಗಿಳಿಸಿದಳು. ಇಚಲಕರಂಜಿಯ ಹಾಸಿಗೆಯಲ್ಲಿದ್ದ ವೈಶಾಲಿಗೆ ಮೊದಲು ಹೂವು ಕಂಡವು, ಆಮೇಲೆ ಮಣ್ಣು, ಆಮೇಲೆ ಜೊತೆಜೊತೆಗೆ ನಿಂತ ಇಬ್ಬರು ಹೆಂಗಸರ ಪಾದಗಳು.